ಹಗ್ಗ ಕೊಡದೆ ಮಾರಿದ ಕಾರು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಜೀವಮಾನವೆಲ್ಲ ಕಚೇರಿಗಳಲ್ಲಿ ಬರೆದೇ ಬದುಕಿದವನಾದರೂ ನನ್ನದೆಂದು ಹೇಳಿಕೊಳ್ಳಬಹುದಾದ ಒಂದು ಪುಟವನ್ನೂ ಇದುವರೆಗೆ ಬರೆದವನಲ್ಲ. ಬರೆದುದೆಲ್ಲ ಇನ್ನೊಬ್ಬರ ಅಪ್ಪಣೆಯ ಮೇರೆಗೆ, ಇನ್ನೊಬ್ಬರ ಸಹಿಗಾಗಿ. ಆದುದರಿಂದ ಈ ಬರಹದ ನಡುವೆ ‘ಸದರಿ’, ‘ಮೇಲ್ಕಂಡ’ ಮೊದಲಾದ ಶಬ್ದಗಳು ಅನುಮತಿ ಕೇಳದೆ ಬಂದು ಕುಳಿತರೆ ದಯವಿಟ್ಟು ಮನ್ನಿಸಬೇಕು. ಅವು ಬಹುಕಾಲ ನನ್ನ ಅನ್ನಕ್ಕೆ ದಾರಿಯಾದವು. ಈಗ ಹೊರಗೆ ನಿಲ್ಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಳೆದ ವಾರ ಮನೆ ತೆರಿಗೆಯ ರಶೀದಿಯೊಂದನ್ನು ಹುಡುಕುತ್ತಾ ಹಳೆಯ ಟ್ರಂಕನ್ನು ತೆರೆದೆ. ರಶೀದಿ ಸಿಗಲಿಲ್ಲ. ಅದರ ಬದಲು ನಾಲ್ಕಾಗಿ ಮಡಚಿದ ಒಂದು ಕಾರ್ಬನ್ ಪ್ರತಿ ಸಿಕ್ಕಿತು. ತಲೆಬರಹ: ‘ವಾಹನದೊಂದಿಗೆ ಹಸ್ತಾಂತರಿಸಲಾದ ಸಾಮಗ್ರಿಗಳ ಪಟ್ಟಿ’. ಅದರ ಕೆಳಗೆ ಜ್ಯಾಕು ಒಂದು, ಸ್ಪ್ಯಾನರು ಎರಡು, ಗಾಳಿ ಹೊಡೆಯುವ ಪಂಪು ಒಂದು, ಹ್ಯಾಂಡಲು ಒಂದು. ಪ್ರತಿಯೊಂದರ ಎದುರಿಗೂ ನನ್ನ ಕೈಯಿಂದ ಹಾಕಿದ ಸರಿ ಗುರುತು. ಅವುಗಳಲ್ಲಿ ಕೊನೆಯದು ಸುಳ್ಳು. ನೋಡದೆ ಗುರುತು ಹಾಕಿದ ಆ ಒಂದು ಅಪರಾಧವನ್ನು ಇಂದು ಸ್ವಇಚ್ಛೆಯಿಂದ ಒಪ್ಪಿಕೊಳ್ಳುತ್ತಿದ್ದೇನೆ. ಒಪ್ಪಿಕೊಳ್ಳುವಾಗ ಮುಖದಲ್ಲಿ ಇರಬೇಕಾದ ಗಾಂಭೀರ್ಯ ಮಾತ್ರ ಎಷ್ಟು ಪ್ರಯತ್ನಿಸಿದರೂ ಬರುತ್ತಿಲ್ಲ.

ಕಾರು ನನ್ನ ದೊಡ್ಡಮಾವನದು. ಇನ್ನಂಜೆಯ ನಮ್ಮ ಮನೆಯ ಅಂಗಳಕ್ಕೆ ಅದು ಬಂದದ್ದು ಐವತ್ತರ ದಶಕದ ಆರಂಭದಲ್ಲಿ; ನಾನಾಗ ಐದನೆಯ ತರಗತಿ. ಇಂಗ್ಲೆಂಡಿಗೆ ಮರಳಿ ಹೊರಟಿದ್ದ ತೋಟದ ದೊರೆಯೊಬ್ಬರಿಂದ ಮಾವ ಅದನ್ನು ಕೊಂಡಿದ್ದರು. ಕಪ್ಪು ಬಣ್ಣ, ದುಂಡನೆಯ ಬೆನ್ನು, ಮುಂದೆ ಎರಡು ದೊಡ್ಡ ಕಣ್ಣಿನಂತಹ ದೀಪಗಳು. ಒಳಗೆ ಕುಳಿತರೆ ಚರ್ಮದ ಸೀಟಿನ ವಾಸನೆ, ಪೆಟ್ರೋಲಿನ ವಾಸನೆ, ಇವೆರಡನ್ನೂ ಸೋಲಿಸುವಂತೆ ಮಾವನ ನಸ್ಯದ ವಾಸನೆ. ಶಾಲೆ ಬಿಟ್ಟು ಬಂದ ಮೇಲೆ ನಾವು ಮಕ್ಕಳು ನಿಂತಲ್ಲೇ ನಿಂತ ಆ ಕಾರಿನಲ್ಲಿ ಬೊಂಬಾಯಿಗೆ ಹೋಗಿಬರುತ್ತಿದ್ದೆವು. ಉಳಿದವರು ಸ್ಟಿಯರಿಂಗ್ ಹಿಡಿಯಲು ಜಗಳವಾಡುತ್ತಿದ್ದರೆ, ನಾನು ಹಿಂದಿನ ಸೀಟಿನಲ್ಲಿ ಕುಳಿತು ಯಾರು ಯಾವ ಊರಿನವರೆಗೆ ಓಡಿಸಿದರೆಂದು ಸ್ಲೇಟಿನಲ್ಲಿ ಬರೆದಿಡುತ್ತಿದ್ದೆ. ಗುಮಾಸ್ತನಾಗುವವನ ಲಕ್ಷಣ ಹತ್ತನೆಯ ವಯಸ್ಸಿಗೇ ಕಾಣಿಸಿಕೊಂಡಿತ್ತು. ಮನೆಯವರು ಅದನ್ನು ಒಳ್ಳೆಯ ನಡತೆಯೆಂದು ತಪ್ಪು ತಿಳಿದರು.

ಸದರಿ ಕಾರಿಗೆ ಒಂದು ಗುಂಡಿ ಒತ್ತಿದರೆ ತಾನಾಗಿ ಚಾಲೂ ಆಗುವ ವ್ಯವಸ್ಥೆ ಇತ್ತಂತೆ. ನಾನು ಕಂಡಿಲ್ಲ. ಮಾವನ ಕೈಗೆ ಬಂದ ವರ್ಷವೇ ಅದು ಕೆಟ್ಟಿತು, ಮಾವ ಸರಿಮಾಡಿಸಲಿಲ್ಲ. “ಕೈ ಉಂಟಲ್ಲ, ಗುಂಡಿ ಎಂತಕ್ಕೆ ಮಾರಾಯ?” ಎನ್ನುತ್ತಿದ್ದರು. ಕಾರಿನ ಮೂತಿಯ ಕೆಳಗಿನ ತೂತಿಗೆ ಕಬ್ಬಿಣದ ಉದ್ದನೆಯ ಹ್ಯಾಂಡಲನ್ನು ತೂರಿಸಿ, ಒಂದು ಸುತ್ತು ತಿರುವಿದರೆ ಇಂಜಿನು ಕೆಮ್ಮಿ ಎದ್ದು ನಿಲ್ಲುತ್ತಿತ್ತು. ಹನ್ನೊಂದು ವರ್ಷ ಹೀಗೆಯೇ ನಡೆಯಿತು.

ಅಜ್ಜಿಯ ಎಣಿಕೆಯಲ್ಲಿ ಅದು ಕಾರಲ್ಲ. ಹಟ್ಟಿಯಲ್ಲಿ ನಾಲ್ಕು ದನ ಕಟ್ಟಿದ್ದೆವು. ಅಂಗಳದಲ್ಲಿ ನಿಂತದ್ದು ಐದನೆಯದು. ದೀಪಾವಳಿಯ ಗೋಪೂಜೆಯ ದಿನ ದನಗಳ ಹಣೆಗೆ ಕುಂಕುಮವಿಟ್ಟು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಅದೇ ತಟ್ಟೆಯನ್ನು ಹಿಡಿದುಕೊಂಡು ಅವರು ನೆಟ್ಟಗೆ ಕಾರಿನ ಬಳಿಗೆ ಬರುತ್ತಿದ್ದರು. ಬಾನೆಟ್ಟಿನ ಮೇಲೆ ಒಂದು ಕಡುಬು ಇಡುತ್ತಿದ್ದರು. ಕಡುಬನ್ನು ಕಾಗೆಯೋ ನಾನೋ ತಿನ್ನುತ್ತಿದ್ದೆವು. ಸಂಜೆ ಖಾಲಿ ಬಾನೆಟ್ಟನ್ನು ನೋಡಿ ಅಜ್ಜಿ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು.

ಕಾಲಕ್ರಮದಲ್ಲಿ ಮಾವನ ಕಣ್ಣಿಗೆ ಪೊರೆ ಬಂತು. ಕಾಪುವಿನ ಹತ್ತಿರ ದಾರಿಗೆ ಅಡ್ಡ ನಿಂತಿದ್ದ ಎಮ್ಮೆಯೊಂದಕ್ಕೆ “ಸ್ವಲ್ಪ ಬದಿಗೆ ನಿಲ್ಲಿ ಮಾರಾಯ್ರೆ” ಎಂದು ಮರ್ಯಾದೆಯಿಂದ ಹೇಳಿದ ದಿನ, ಕಾರನ್ನು ಮಾರುವುದೆಂದು ಅವರೇ ನಿರ್ಧರಿಸಿದರು. ನನಗಾಗ ಇಪ್ಪತ್ತೆರಡು; ಕಾರ್ಕಳದ ಒಂದು ಕಚೇರಿಯಲ್ಲಿ ನಕಲು ಗುಮಾಸ್ತನಾಗಿ ಸೇರಿ ಒಂದು ವರ್ಷವಾಗಿತ್ತಷ್ಟೆ.

ಕೊಳ್ಳುವವರು ಸಿಕ್ಕಿದ್ದು ಆಫ್ರಿಕಾದಲ್ಲಿ. ಇದು ಸ್ವಲ್ಪ ವಿವರಣೆಯನ್ನು ಅಪೇಕ್ಷಿಸುತ್ತದೆ. ಸಂತೆಕಟ್ಟೆಯಲ್ಲಿ ಜೀನಸಿನ ಅಂಗಡಿ ಇಟ್ಟಿದ್ದ ಆಪ್ಲಿನ್ ಬಾಯಿ ಎಂಬ ಕ್ರಿಸ್ತರ ಹೆಂಗಸಿಗೆ ಸಿರಿಲ್ ಎಂಬ ತಮ್ಮನಿದ್ದ. ಅವನಿಗೆ ನೈರೋಬಿಯ ರೈಲ್ವೆಯಲ್ಲಿ ಕೆಲಸ. ಆರು ವರ್ಷದ ಮೇಲೆ ರಜೆಯಲ್ಲಿ ಊರಿಗೆ ಬರುವವನಿದ್ದ. ಬಂದಾಗ ತಾನು ಓಡಿಸಲಿಕ್ಕೆ, ಹೋದ ಮೇಲೆ ಅಕ್ಕನ ಮನೆಯವರು ಬಾಡಿಗೆಗೆ ಬಿಡಲಿಕ್ಕೆ ಅವನಿಗೊಂದು ಕಾರು ಬೇಕಾಗಿತ್ತು. ಮಾವ ಪತ್ರ ಬರೆಯುವ ಕೆಲಸವನ್ನು ನನಗೆ ವಹಿಸಿದರು. “ಒಳ್ಳೇ ಕಾರು ಅಂತ ಬರಿ. ಅಷ್ಟು ಸಾಕು” ಎಂದರು. ನಾನು ಕಚೇರಿಯಲ್ಲಿ ಹೊಸದಾಗಿ ಕಲಿತದ್ದನ್ನೆಲ್ಲ ಸುರಿದೆ. ವಿಷಯ, ಉಲ್ಲೇಖ, ಒಂದರಿಂದ ಹದಿನಾಲ್ಕರವರೆಗೆ ಕಂಡಿಕೆಗಳು. ಒಂಬತ್ತನೆಯ ಕಂಡಿಕೆಯಲ್ಲಿ, “ಸದರಿ ವಾಹನದ ಸ್ವಯಂಚಾಲನೆಯ ಗುಂಡಿಯು ಬಹುಕಾಲದಿಂದ ನಿಷ್ಕ್ರಿಯವಾಗಿದ್ದು, ಹ್ಯಾಂಡಲಿನ ಒಂದೇ ತಿರುವಿಗೆ ಇಂಜಿನು ಚಾಲನೆಗೊಳ್ಳುವುದೆಂದು ಈ ಮೂಲಕ ದೃಢೀಕರಿಸಲಾಗಿದೆ” ಎಂದು ಸತ್ಯವನ್ನೇ ಬರೆದೆ.

ಒಂದು ತಿಂಗಳ ಮೇಲೆ ನೀಲಿ ಏರೋಗ್ರಾಮಿನಲ್ಲಿ ಉತ್ತರ ಬಂತು. ಕಲ್ಯಾಣಪುರದ ಶಾಲೆಯಲ್ಲಿ ಕಲಿತ ದುಂಡನೆಯ ಕನ್ನಡ ಅಕ್ಷರ. “ನಿಮ್ಮ ಪತ್ರ ಓದಿ ಸರಕಾರ ನನ್ನ ಮೇಲೆ ಕೇಸು ಹಾಕಿತೆಂದು ಹೆದರಿ ಎರಡು ದಿನ ಊಟ ಮಾಡಲಿಲ್ಲ. ಮೂರನೇ ದಿನ ನನ್ನ ಸ್ನೇಹಿತ ಓದಿ, ಇದು ಕಾರಿನ ವಿಷಯ ಎಂದ. ಕಾರು ನನಗಿರಲಿ. ಹಾರ್ನ್ ಉಂಟಲ್ವಾ?” ಎಂದು ಬರೆದಿದ್ದ. ಹಾರ್ನಿನ ಬಗ್ಗೆ ನಾನು ಪ್ರತ್ಯೇಕ ಪತ್ರವನ್ನೇ ಬರೆದೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಜನವರಿಯ ಒಂದು ಭಾನುವಾರ, ಕಾಗದಪತ್ರಗಳೆಲ್ಲ ವರ್ಗವಾಗಿ ಬಂದ ಮೇಲೆ, ಕಾರನ್ನು ಒಯ್ಯಲು ಸಿರಿಲ್ ಅಕ್ಕನೊಂದಿಗೆ ಬಸ್ಸಿನಲ್ಲಿ ಬಂದ. ಎತ್ತರದ ಮನುಷ್ಯ, ಬಿಸಿಲಿಗೆ ಕಂದಿದ ಮುಖ, ಮಾತಾಡುವ ಮೊದಲು ನಗುವ ಅಭ್ಯಾಸ. ಆ ದಿನ ಮಾತ್ರ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಕಾರಣವನ್ನು ಆಪ್ಲಿನ್ ಬಾಯಿ ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿಯುತ್ತಾ ಮಾವನಿಗೆ ಹೇಳಿದರು.

“ಇವತ್ತು ನಾಲ್ಕು ಗಂಟೆಗೆ ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಹುಡುಗಿ ನೋಡಲಿಕ್ಕೆ ಉಂಟು ಶೆಟ್ರೇ. ಸೆವ್ರಿನ್ ಅಂತ. ಇವನು ಆಫ್ರಿಕಾಕ್ಕೆ ಹೋಗುವ ಮೊದಲೇ ಒಮ್ಮೆ ತೆನೆಹಬ್ಬದ ದಿನ ಇಗರ್ಜಿಯಲ್ಲಿ ನೋಡಿದ್ದು. ಆರು ವರ್ಷ ಬಾಯಿ ಬಿಡಲಿಲ್ಲ. ಈಗ ಅವಳೇ ಆಗಬೇಕಂತೆ.”

“ಒಳ್ಳೇದಾಯಿತಲ್ಲ. ಮತ್ತೆಂತ ಹೆದರಿಕೆ ಪೊರ್ಬುಗಳಿಗೆ?” ಎಂದರು ಮಾವ. ನಮ್ಮಲ್ಲಿ ಕ್ರಿಸ್ತರನ್ನು ಗೌರವದಿಂದ ಹಾಗೆ ಕರೆಯುವುದು.

“ಅವಳ ಅಪ್ಪ ಹೆಡ್‌ಮಾಸ್ಟ್ರಾಗಿ ರಿಟೈರ್ ಆದವರು. ತಡವಾಗಿ ಬಂದ ಎರಡು ಹುಡುಗರನ್ನು ಮೆಟ್ಟಿಲಿನಿಂದಲೇ ವಾಪಸು ಕಳಿಸಿದ್ದಾರಂತೆ” ಎಂದ ಸಿರಿಲ್. “ಉತ್ತರವೂ ಇವತ್ತೇ ಸಿಗಬೇಕು. ಮದುವೆಗೆ ಮೊದಲು ಇಗರ್ಜಿಯಲ್ಲಿ ಮೂರು ಭಾನುವಾರ ಪ್ರಕಟಣೆ ಓದಬೇಕಲ್ಲ. ಐದನೇ ವಾರಕ್ಕೆ ನನ್ನ ಹಡಗು. ಒಂದು ಭಾನುವಾರ ತಪ್ಪಿದರೂ ನಾನು ಒಬ್ಬನೇ ಹೋಗಬೇಕು. ಮತ್ತೆ ರಜೆ ಸಿಗಲಿಕ್ಕೆ ಇನ್ನು ಆರು ವರ್ಷ.”

“ಅಷ್ಟರಲ್ಲಿ ನಿನ್ನ ತಲೆಯಲ್ಲಿ ಕೂದಲು ಇರುವುದಿಲ್ಲ” ಎಂದರು ಆಪ್ಲಿನ್ ಬಾಯಿ, ಸಮಾಧಾನ ಹೇಳುವ ದನಿಯಲ್ಲಿ.

ಮರುದಿನ ಕಚೇರಿ ಇದ್ದುದರಿಂದ ನಾನೂ ಅವರೊಡನೆ ಕಾರ್ಕಳದವರೆಗೆ ಹೋಗುವುದೆಂದಾಯಿತು. ಬಸ್ಸಿನ ಚೀಟಿ ಉಳಿಯುವ ಸಂತೋಷದಲ್ಲಿ ನಾನು ಪಟ್ಟಿಯನ್ನು ಸಿದ್ಧಪಡಿಸಿದೆ. ಮಾವ ಕೊನೆಯ ಬಾರಿಗೆ ಹ್ಯಾಂಡಲು ತಿರುವಿದರು, ಇಂಜಿನು ಎದ್ದಿತು. ಹ್ಯಾಂಡಲನ್ನು ಜಗಲಿಯ ಅಂಚಿಗೆ ಒರಗಿಸಿ, ಕಾರಿನ ಬೆನ್ನು ತಟ್ಟಿ, ಕಣ್ಣು ಒರೆಸಿಕೊಂಡು ಒಳಗೆ ಹೋದರು. “ಮಣಿಪಾಲದ ಏರಿನಲ್ಲಿ ಅದಕ್ಕೆ ಬಾಯಾರಿಕೆ ಆಗ್ತದೆ. ನಿಲ್ಲಿಸಿ ನೀರು ಕೊಡಿ” ಎಂದು ಒಳಗಿನಿಂದಲೇ ಕೂಗಿ ಹೇಳಿದರು. ನಾನು ಜ್ಯಾಕು, ಸ್ಪ್ಯಾನರು, ಪಂಪುಗಳನ್ನು ಡಿಕ್ಕಿಯಲ್ಲಿ ಕಣ್ಣಾರೆ ಕಂಡು ಗುರುತು ಹಾಕಿದೆ. ಹ್ಯಾಂಡಲನ್ನು ಈಗ ತಾನೆ ಮಾವನ ಕೈಯಲ್ಲಿ ಕಂಡಿದ್ದೆನಲ್ಲ, ಯಾರಾದರೂ ಒಳಗೆ ಇಟ್ಟಿರುತ್ತಾರೆಂದು ಅದಕ್ಕೂ ಗುರುತು ಹಾಕಿದೆ. ಸಿರಿಲ್ ಸಹಿ ಮಾಡಿದ. ಹೊರಟೆವು.

ಉಡುಪಿಯಲ್ಲಿ ದರ್ಜಿಯ ಅಂಗಡಿಯಿಂದ ಹೊಸ ಕೋಟು ತೆಗೆದುಕೊಳ್ಳುವುದಿತ್ತು. ಸಿರಿಲ್ ಇಂಜಿನು ನಿಲ್ಲಿಸಲಿಲ್ಲ. “ಓಡುತ್ತಾ ಇರಲಿ. ರಥಬೀದಿಯವರೆಗೂ ಕೇಳಲಿ” ಎಂದ. ಆ ಗರ್ವವೇ ನಮ್ಮನ್ನು ಅಲ್ಲಿಯವರೆಗೆ ಕಾಪಾಡಿದ್ದೆಂದು ನಮಗೆ ಗೊತ್ತಾಗಲಿಲ್ಲ.

ಆಗಿನ ಮಣಿಪಾಲವೆಂದರೆ ಮುರಕಲ್ಲಿನ ಬೋಳು ಗುಡ್ಡ, ಅಲ್ಲೊಂದು ಇಲ್ಲೊಂದು ಹೊಸ ಕಟ್ಟಡ. ಏರು ಹತ್ತಿ ಮುಗಿಯುವಷ್ಟರಲ್ಲಿ, ಮಾವ ಹೇಳಿದಂತೆಯೇ, ಕಾರಿನ ಮೂತಿಯಿಂದ ಬಿಸಿಯ ಹಬೆ ಎದ್ದಿತು. ನಿಲ್ಲಿಸಿದೆವು. ಹತ್ತಿರದ ಬಾವಿಯಿಂದ ನೀರು ತಂದು ಕುಡಿಸಿದೆವು. ಆಗ ಗಂಟೆ ಎರಡು. ಸಿರಿಲ್ ಕೋಟು ತೊಟ್ಟು, ಕರವಸ್ತ್ರದಿಂದ ಕೈ ಒರೆಸಿಕೊಂಡು, “ಹ್ಯಾಂಡಲು ಕೊಡಿ” ಎಂದ.

ಡಿಕ್ಕಿಯಲ್ಲಿ ಜ್ಯಾಕು ಇತ್ತು. ಸ್ಪ್ಯಾನರು ಎರಡಿದ್ದವು. ಪಂಪು ಇತ್ತು.

“ಪಟ್ಟಿಯಲ್ಲಿ ಉಂಟಲ್ಲ” ಎಂದೆ ನಾನು. ಇದಕ್ಕಿಂತ ಅವಿವೇಕದ ಮಾತನ್ನು ನಾನು ಜೀವನದಲ್ಲಿ ಆಡಿಲ್ಲ.

“ಪಟ್ಟಿಯನ್ನು ಆ ತೂತಿಗೆ ಹಾಕಿ ತಿರುಗಿಸುವುದಾ ಮಾರಾಯ್ರೆ?” ಎಂದರು ಆಪ್ಲಿನ್ ಬಾಯಿ.

ಆ ಕ್ಷಣಕ್ಕೆ ನನ್ನ ಕಣ್ಣ ಮುಂದೆ ಒಂದು ದೃಶ್ಯ ಬಂದು ನಿಂತಿತು. ನಾನು ಪಟ್ಟಿಗೆ ಸಹಿ ಪಡೆಯುತ್ತಿದ್ದಾಗ ಅಜ್ಜಿ ಸೆರಗಿನ ಕೆಳಗೆ ಏನನ್ನೋ ಮುಚ್ಚಿಕೊಂಡು ಹಟ್ಟಿಯ ಕಡೆಗೆ ನಡೆದದ್ದು. ನಮ್ಮ ಕಡೆ ದನ ಮಾರಿದರೆ ಹಗ್ಗವನ್ನು ಕೊಡುವುದಿಲ್ಲ. ಕೊಳ್ಳುವವನು ತನ್ನ ಹಗ್ಗ ತರಬೇಕು. ಹಳೆಯ ಹಗ್ಗ ಹಟ್ಟಿಯಲ್ಲೇ ಉಳಿಯಬೇಕು. ಕೊಟ್ಟರೆ ಹಟ್ಟಿಯ ಭಾಗ್ಯವೂ ಅದರ ಹಿಂದೆ ಹೋಗುತ್ತದೆಂದು ನಂಬಿಕೆ. ಎರಡು ದಿನದ ಮೇಲೆ, ಮಂಗಳವಾರ, ಸಿರಿಲ್ ಇನ್ನಂಜೆಗೆ ಹೋಗಿ ಕೇಳಿದಾಗ ಅಜ್ಜಿ ಒಂದಿಷ್ಟೂ ಅಳುಕದೆ, “ಹನ್ನೊಂದು ವರ್ಷ ಅದನ್ನು ಹಿಡಿದು ಎಳೆದ ಮೇಲೆಯೇ ಅಲ್ವಾ ಅದು ಏಳುತ್ತಾ ಇದ್ದದ್ದು? ಹಗ್ಗ ಅಲ್ಲದೆ ಮತ್ತೆಂತ ಅದು?” ಎಂದರಂತೆ. ಹಟ್ಟಿಯ ಗೂಟದಲ್ಲಿ, ಹಿಂದೆ ಮಾರಿದ ದನಗಳ ಹಗ್ಗಗಳ ನಡುವೆ, ನಮ್ಮ ಹ್ಯಾಂಡಲು ತೂಗುತ್ತಿತ್ತಂತೆ. ಸಿರಿಲ್ ಹೊಸ ಹುರಿಹಗ್ಗವೊಂದನ್ನು ತಂದು ಅದರ ಜಾಗದಲ್ಲಿ ತೂಗಹಾಕಿದ ಮೇಲೆಯೇ ಅದು ಬಿಡುಗಡೆಯಾಯಿತು. ಆದರೆ ಇದು ಮಂಗಳವಾರದ ಮಾತು. ನಾವಿನ್ನೂ ಭಾನುವಾರದಲ್ಲಿ, ಮಣಿಪಾಲದ ಬಿಸಿಲಿನಲ್ಲಿ, ನಿಂತಿದ್ದೇವೆ.

ಇನ್ನಂಜೆಗೆ ಹಿಂತಿರುಗಿದರೆ ನಾಲ್ಕು ಗಂಟೆ ಅಲ್ಲೇ ಆಗುತ್ತಿತ್ತು. ಕಾರನ್ನು ತಳ್ಳಿ ಓಡಿಸಿ, ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರೆ ಇಂಜಿನು ಹಿಡಿಯುತ್ತದೆಂದು ಸಿರಿಲ್ ಹೇಳಿದ. ತಳ್ಳಲು ನಾನೊಬ್ಬ. ಮುಕ್ಕಾಲು ಗಂಟೆ ಯಾರೂ ಬರಲಿಲ್ಲ. ಸಿರಿಲ್ ಗಡಿಯಾರ ನೋಡುವುದನ್ನು ಬಿಟ್ಟು ಆಕಾಶ ನೋಡತೊಡಗಿದ. ಆಗ ಕೋಳಿ ಅಂಕಕ್ಕೆ ಹೊರಟ ಆರು ಜನರ ಗುಂಪು ಬಂತು. ಪ್ರತಿಯೊಬ್ಬನ ಕಂಕುಳಲ್ಲಿ ಒಂದು ಹುಂಜ.

“ಎಂತ, ನಿಂತಿತಾ?” ಎಂದ ಮುಂದಿನವನು.

“ಹುಡುಗಿ ನೋಡಲಿಕ್ಕೆ ಹೊರಟದ್ದು” ಎಂದ ಸಿರಿಲ್, ಕಾರಿನ ವಿಷಯ ಬಿಟ್ಟು ನೆಟ್ಟಗೆ ಮುಖ್ಯಾಂಶಕ್ಕೆ ಬಂದು.

“ಹಾಗಾದರೆ ತಳ್ಳಲೇಬೇಕಲ್ಲ. ಬಾಯಿಯಮ್ಮ, ಇದನ್ನು ಸ್ವಲ್ಪ ಹಿಡಿಯಿರಿ. ಕಾಲು ಬಿಡಬೇಡಿ, ಕುಕ್ಕುತ್ತದೆ.”

ರೇಷ್ಮೆ ಸೀರೆ ಉಟ್ಟ ಆಪ್ಲಿನ್ ಬಾಯಿ ಎರಡು ಕೈಯಲ್ಲಿ ಎರಡು ಕಾಳಗದ ಹುಂಜಗಳನ್ನು ಹಿಡಿದು, ಅವುಗಳನ್ನು ಒಂದಕ್ಕೊಂದು ಕಾಣದಂತೆ ಹಿಂದೆ ಮುಂದೆ ಮಾಡುತ್ತಾ ದಾರಿಯ ಬದಿಯಲ್ಲಿ ನಿಂತರು. ಉಳಿದ ನಾಲ್ಕನ್ನು ದಾರಿಬದಿಯ ಪೊದೆಗೆ ಕಟ್ಟಿದರು. ಏಳು ಜನ ತಳ್ಳಿದೆವು. ಇಂಜಿನು ಹಿಡಿಯಿತು. ಓಡುವ ಕಾರಿಗೆ ನಾನು ಹೇಗೋ ಹಾರಿದೆ. ಆಪ್ಲಿನ್ ಬಾಯಿಯನ್ನು ಹುಂಜಗಳ ಒಡೆಯರು ಎತ್ತಿ ಒಳಗೆ ಹಾಕಿದರು. ಕುಕ್ಕುಂದೂರಿನವರೆಗೂ ಅವರು ಸೀರೆಯಿಂದ ಗರಿ ಹೆಕ್ಕುತ್ತಲೇ ಇದ್ದರು. “ಇವತ್ತಿನಿಂದ ಎಲ್ಲಿಗೂ ಬಸ್ಸಿನಲ್ಲೇ” ಎನ್ನುತ್ತಾ.

ಮಾಸ್ತರರ ಮನೆ ಶಾಲೆಯ ಮೈದಾನದ ಅಂಚಿನಲ್ಲಿತ್ತು. ನಾವು ಗೇಟಿನ ಎದುರಿಗೆ ಬಂದಾಗ ನಾಲ್ಕಕ್ಕೆ ಎರಡು ನಿಮಿಷ. ಮಾಸ್ತರರು ಬಿಳಿ ಪಂಚೆ, ಬಿಳಿ ಶರಟು, ಕೈಯಲ್ಲಿ ಗಡಿಯಾರದೊಂದಿಗೆ ಮೆಟ್ಟಿಲ ಮೇಲೆ ನಿಂತಿದ್ದರು. ಸಿರಿಲ್ ನನ್ನ ಕಿವಿಯಲ್ಲಿ, “ಈ ಪೆಡಲನ್ನು ಮೆಲ್ಲ ಒತ್ತಿ ಹಿಡಿದುಕೊಳ್ಳಿ. ಎಂತ ಆದರೂ ಬಿಡಬೇಡಿ” ಎಂದು ತನ್ನ ಜಾಗದಲ್ಲಿ ನನ್ನನ್ನು ಕೂರಿಸಿ ಇಳಿದ. ಜೀವನದಲ್ಲಿ ಮೊದಲ ಬಾರಿಗೆ ನಾನು ಸ್ಟಿಯರಿಂಗಿನ ಹಿಂದೆ ಕುಳಿತೆ.

“ಯಾಕೆ, ಇಂಜಿನು ಬಂದ್ ಮಾಡುವುದಿಲ್ವಾ? ಬೇಗ ಹೋಗಲಿಕ್ಕೆ ಉಂಟಾ?” ಎಂದರು ಮಾಸ್ತರರು. ನಾನಿದ್ದೇನೆಂದು ಅವರು ಮನೆಮಾತಾದ ಕೊಂಕಣಿ ಬಿಟ್ಟು ಕನ್ನಡದಲ್ಲೇ ಮಾತಾಡಿದರು.

“ಇಲ್ಲ ಸರ್... ಅದು ಹಾಗೆಯೇ ಇರುವುದು” ಎಂದ ಸಿರಿಲ್.

ಒಳಗೆ ಹೋದರು. ನಾನು ಪೆಡಲಿನ ಮೇಲೆ ಕಾಲಿಟ್ಟು ಕುಳಿತೆ. ಹತ್ತು ನಿಮಿಷ ಕಳೆದಿರಬಹುದು. ಕೈಯಲ್ಲಿ ಕಾಫಿಯ ಲೋಟ ಹಿಡಿದು ಒಬ್ಬ ಹುಡುಗಿ ಬಂದಳು. ಅವಳೇ ಸೆವ್ರಿನ್. ನೀಲಿ ಸೀರೆ, ತಲೆಯಲ್ಲಿ ಶಂಕರಪುರದ ಮಲ್ಲಿಗೆ. “ನೀವೊಬ್ಬರು ಇಲ್ಲೇ ಉಳಿದಿರಲ್ಲ. ತೆಗೆದುಕೊಳ್ಳಿ” ಎಂದಳು. ಹೆಂಗಸರು ನಿಂತಿರುವಾಗ ಕುಳಿತು ಏನನ್ನೂ ಸ್ವೀಕರಿಸಬಾರದೆಂದು ನನ್ನ ಸಂಸ್ಕಾರ. ನಾನು ಬಾಗಿಲು ತೆರೆದು ಗೌರವಪೂರ್ವಕವಾಗಿ ಎದ್ದು ನಿಂತೆ.

ಇಂಜಿನು ಎರಡು ಸಲ ನಡುಗಿ ನಿಂತುಹೋಯಿತು.

ಒಳಗಿನಿಂದ ಸಿರಿಲ್‌ನ ಮುಖ ಕಿಟಕಿಯಲ್ಲಿ ಕಾಣಿಸಿತು. ಆ ಮುಖವನ್ನು ವರ್ಣಿಸಲು ನನ್ನಲ್ಲಿರುವ ಕಚೇರಿ ಶಬ್ದಗಳು ಸಾಲವು. “ಒಳ್ಳೇದಾಯಿತು, ಮಾತು ಒಂದೂ ಕೇಳಿಸ್ತಾ ಇರಲಿಲ್ಲ” ಎಂದರು ಮಾಸ್ತರರು. ಬಳಿಕ ನನ್ನನ್ನೂ ಒಳಗೆ ಕರೆದರು. ಸಂಬಳ, ನೈರೋಬಿಯ ಚಳಿ, ಅಲ್ಲಿ ಅಕ್ಕಿ ಸಿಗುತ್ತದೆಯೇ, ಪೂಜೆಗೆ ಇಗರ್ಜಿ ಎಷ್ಟು ದೂರ ಎಂದೆಲ್ಲ ಪರೀಕ್ಷೆ ನಡೆಯಿತು. ಸಿರಿಲ್‌ನ ಗಮನ ಮಾತ್ರ ಸತ್ತುಬಿದ್ದ ಕಾರಿನ ಮೇಲಿತ್ತು. ಅಕ್ಕಿಯ ಪ್ರಶ್ನೆಗೆ ಇಗರ್ಜಿಯ ಉತ್ತರ ಕೊಟ್ಟ. ಐದೂವರೆಗೆ ಮಾಸ್ತರರು ಎದ್ದು ನಿಂತು, “ಆಗಲಿ. ಉತ್ತರವನ್ನು ಎಂಟು ದಿನದಲ್ಲಿ ಕಾಗದದ ಮೂಲಕ ತಿಳಿಸುತ್ತೇನೆ” ಎಂದರು. ಎಂಟು ದಿನವೆಂದರೆ ಒಂದು ಭಾನುವಾರ ಹೋಯಿತು. ಸಿರಿಲ್ ಎಲ್ಲರಿಗೂ ಕೈ ಮುಗಿದು ಹೊರಗೆ ಬಂದು, ಕೋಟು ತೆಗೆದು ಅಕ್ಕನ ಕೈಗೆ ಕೊಟ್ಟ.

“ಕೋಟು ಯಾಕೆ ತೆಗೆದದ್ದು?” ಎಂದು ಮಾಸ್ತರರು ಕೇಳಿದರು.

ನಾನೇ ಮುಂದೆ ಬಂದೆ. ತಳ್ಳದಿದ್ದರೆ ಕಾರು ಹೊರಡುವುದಿಲ್ಲವೆಂದೂ, ಹ್ಯಾಂಡಲನ್ನು ಮಾರಿದ ದನದ ಹಗ್ಗದಂತೆ ನನ್ನ ಅಜ್ಜಿ ಹಟ್ಟಿಯಲ್ಲಿ ಇಟ್ಟುಕೊಂಡಿದ್ದಾರೆಂದೂ, ನಾನು ನೋಡದೆ ಗುರುತು ಹಾಕಿದ್ದೇ ಸಕಲ ಅನರ್ಥಕ್ಕೂ ಮೂಲವೆಂದೂ ಕಾರಣಸಹಿತವಾಗಿ ನಿವೇದಿಸಿದೆ.

“ನೋಡದೆ ಗುರುತು ಹಾಕಿದಿರಾ?” ಎಂದರು ಮಾಸ್ತರರು, ಬೆತ್ತ ಹುಡುಕುವ ದನಿಯಲ್ಲಿ.

“ಹೌದು ಸರ್.”

ಅವರು ಗಡಿಯಾರವನ್ನು ಜೇಬಿಗೆ ಹಾಕಿದರು. “ನನ್ನ ಅಮ್ಮನೂ ಹಗ್ಗ ಕೊಡ್ತಾ ಇರಲಿಲ್ಲ” ಎಂದರು. ಬಳಿಕ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದರು.

ಮಾಸ್ತರರು, ಸೆವ್ರಿನ್, ಆಪ್ಲಿನ್ ಬಾಯಿ, ನಾನು ಸೇರಿ ತಳ್ಳಿದೆವು. ಮೈದಾನದ ನಡುವೆ ಇಂಜಿನು ಹಿಡಿಯಿತು. ಒಮ್ಮೆ ನಿಂತಲ್ಲೇ ಸತ್ತದ್ದನ್ನು ಕಂಡಿದ್ದ ಸಿರಿಲ್ ಈಗ ನಿಲ್ಲಿಸುವ ಧೈರ್ಯವಿಲ್ಲದೆ ಮೈದಾನಕ್ಕೆ ಸುತ್ತು ಹಾಕತೊಡಗಿದ. ಮುಂದಿನ ಮಾತುಕತೆಯೆಲ್ಲ ಅವನು ನಮ್ಮೆದುರಿಗೆ ಹಾದುಹೋಗುವ ಎರಡೆರಡು ಕ್ಷಣಗಳಲ್ಲೇ ನಡೆಯಿತು.

ಮೊದಲನೆಯ ಸುತ್ತಿನಲ್ಲಿ ಅವನು ಕಿಟಕಿಯಿಂದ ತಲೆ ಹೊರಹಾಕಿ, “ಸರ್, ಕಾಗದ ಬರುವಾಗ ನಾನು ಹಡಗಿನಲ್ಲಿ...” ಎನ್ನುವಷ್ಟರಲ್ಲಿ ದೂರ ಹೋದ.

“ಎಂತ ಹೇಳಿದ್ದು ಇವನು?” ಎಂದು ಮಾಸ್ತರರು ನನ್ನನ್ನು ಕೇಳಿದರು.

“ಮೂರು ಭಾನುವಾರಗಳ ಪ್ರಕಟಣೆಗೆ ಸಮಯ ಸಾಲದೆಂದೂ, ಇಂದೇ ಉತ್ತರ ದಯಪಾಲಿಸಬೇಕೆಂದೂ ಕೋರುತ್ತಿದ್ದಾರೆ” ಎಂದೆ.

“ಅದನ್ನು ಒಳಗೆ ಕುಳಿತಿದ್ದಾಗ ಹೇಳಲಿಕ್ಕೆ ಆಗಲಿಲ್ವಾ?”

“ಆಗ ಕಾರಿನ ಚಿಂತೆ ಪಪ್ಪ” ಎಂದಳು ಸೆವ್ರಿನ್. ಅವಳ ಕೈಗೆ ಕಾರಿನ ಬೆನ್ನಿನ ಧೂಳು ಮೆತ್ತಿತ್ತು.

ಎರಡನೆಯ ಸುತ್ತಿನಲ್ಲಿ ಸಿರಿಲ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಹೋದ. ಮಾಸ್ತರರು ಮಗಳನ್ನು ನೋಡಿದರು. ಅವಳು ಮೈದಾನವನ್ನು ನೋಡುತ್ತಿದ್ದಳು.

“ನಿನಗೆ ಹೇಗೆ?” ಎಂದು ಮೆಲ್ಲನೆ ಕೇಳಿದರು.

ಅವಳು ಮೈದಾನದೊಳಕ್ಕೆ ನಡೆದು, ಕಾರು ಬರುವ ದಾರಿಯ ಬದಿಯಲ್ಲಿ ನಿಂತಳು. ಮೂರನೆಯ ಸುತ್ತಿನಲ್ಲಿ ಕಾರು ಅವಳ ಬಳಿಗೆ ಬಂದು ನಿಧಾನವಾಯಿತು.

“ನಿಲ್ಲಿಸಿ” ಎಂದಳು ಸೆವ್ರಿನ್.

“ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲ” ಎಂದ ಸಿರಿಲ್.

“ಗೊತ್ತುಂಟು. ನಿಲ್ಲಿಸಿ.”

ಸಿರಿಲ್ ಒಂದು ಕ್ಷಣ ಅವಳ ಮುಖ ನೋಡಿದ. ಕೈಯಾರೆ ಬೀಗದ ಕೈ ತಿರುವಿ ಇಂಜಿನು ಬಂದ್ ಮಾಡಿದ. ಮೈದಾನದಲ್ಲಿ ಒಮ್ಮೆಲೇ ಎಷ್ಟು ಮೌನವಾಯಿತೆಂದರೆ, ಆಪ್ಲಿನ್ ಬಾಯಿ ಮೂಗು ಒರೆಸಿಕೊಂಡದ್ದೂ ಕೇಳಿಸಿತು.

ಮಾಸ್ತರರು ಗಡಿಯಾರ ನೋಡಿ, “ಪಾದ್ರಿಗಳು ಆರೂವರೆಗೆ ಊಟಕ್ಕೆ ಕುಳಿತುಕೊಳ್ಳುತ್ತಾರೆ. ಅದಕ್ಕೆ ಮೊದಲು ಪ್ರಕಟಣೆಗೆ ಹೆಸರು ಬರೆಸಬೇಕು” ಎಂದರು. ಬಳಿಕ ನನ್ನ ಪಕ್ಕಕ್ಕೆ ಬಂದು ಕಾರಿನ ಬೆನ್ನಿಗೆ ಎರಡೂ ಕೈ ಕೊಟ್ಟರು.

“ತಳ್ಳಿ.”